ಹಪ್ಪಳದ ದೇವೀರಿ ಬಿಸಿಲನ್ನು ಬಿಡಿಸಿ ತಂದದ್ದು

ಊರುಗಳಿಗೆ ಇನ್ನೂ ಹೆಸರಿಡುತ್ತಿದ್ದ ಕಾಲದಲ್ಲಿ ಬಿಸಿಲಕೋಟೆ ಎಂಬ ರಾಜ್ಯವಿತ್ತು. ಬಿಜ್ಜಣರಾಯ ಅದರ ದೊರೆ. ಅಲ್ಲಿಯ ಜನ ಒಂದು, ಎರಡು, ಮೂರು ಎಂದು ಸಾವಿರದವರೆಗೂ ತಡವರಿಸದೆ ಎಣಿಸುತ್ತಿದ್ದರು. ಆದರೆ ಒಂದನ್ನು ಪಾಲು ಮಾಡಿದರೆ ಎಷ್ಟಾಗುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ.

ಇದು ಛಿದ್ರಕೇತು ಎಂಬ ಮಾಂತ್ರಿಕನಿಗೆ ತಿಳಿಯಿತು. ಅವನು ಒಂದು ಬೆಳಗ್ಗೆ ರಾಜ್ಯದ ಬಿಸಿಲನ್ನೆಲ್ಲ ಬಾಚಿ ತೆಗೆದು, ಬೆಟ್ಟದ ಮೇಲಿನ ತಾಮ್ರದ ಹಂಡೆಗೆ ತುಂಬಿ ಮುಚ್ಚಳ ಹಾಕಿಬಿಟ್ಟ. ದೊರೆ ಹೋಗಿ ಬೇಡಿಕೊಂಡ. ಮಾಂತ್ರಿಕ ನಗುತ್ತ ಹೇಳಿದ:

"ವರ್ಷಕ್ಕೊಮ್ಮೆ ಈ ಹಂಡೆಯ ಮುಂದೆ ನಿಂತು ಒಂದು ಸಂಖ್ಯೆ ಹೇಳು. ಹಗಲಿನ ಬಿಸಿಲನ್ನು ಅಷ್ಟು ಸಮಪಾಲು ಮಾಡಿ, ಒಂದು ಪಾಲು ನಿನಗೆ ಬಿಡುತ್ತೇನೆ. ಮಾತು ತಪ್ಪಿದರೆ ನನ್ನ ಮಂತ್ರವೆಲ್ಲ ಮಣ್ಣಾಗಲಿ."

ಮೊದಲ ವರ್ಷ ದೊರೆ ಎರಡು ಎಂದ. ಹಗಲಿನ ಮೂವತ್ತು ಗಳಿಗೆಯಲ್ಲಿ ಹದಿನೈದು ಗಳಿಗೆ ಬಿಸಿಲು ಬಂತು. ಸಾಲಲಿಲ್ಲ. ಕಡಿಮೆ ಕೇಳಿದೆನಲ್ಲ ಎಂದು ಪೇಚಾಡಿ ಮರುವರ್ಷ ಮೂರು ಎಂದ. ಬಿಸಿಲು ಹತ್ತು ಗಳಿಗೆಗೆ ಇಳಿಯಿತು. ಐದು ಎಂದ, ಆರು ಗಳಿಗೆಗೆ ಇಳಿಯಿತು. ಹತ್ತು ಎಂದ, ಬರೀ ಮೂರು ಗಳಿಗೆ. ದೊರೆ ಗಾಬರಿಯಾಗಿ, ಈ ಸಲ ನೂರನ್ನೇ ಕೇಳುವುದೆಂದು ತೀರ್ಮಾನಿಸಿದ. ಮಂತ್ರಿಗಳು ತಲೆದೂಗಿದರು. ಊರಿಗೆಲ್ಲ ಡಂಗುರ ಹೊಡೆಸಿದ್ದಾಯಿತು.

ಆ ಊರಿನಲ್ಲಿ ದೇವೀರಿ ಎಂಬ ಹದಿನಾರರ ಹುಡುಗಿಯಿದ್ದಳು. ಹಪ್ಪಳ ಮಾಡಿ ಮಾರುವುದು ಅವಳ ಕಸುಬು. ಬಿಸಿಲಿಲ್ಲದೆ ಹಪ್ಪಳ ಒಣಗುತ್ತಿರಲಿಲ್ಲ. ಮೆತ್ತಗೆ, ತೊಗಲಿನಂತೆ ಬಾಗುತ್ತಿತ್ತು. ಅಂಥ ಹಪ್ಪಳ ಕೊಳ್ಳುವವರು ಯಾರು? ಡಂಗುರ ಕೇಳಿದ ದಿನ ಅವಳು ಆ ಮೆತ್ತನೆಯ ಹಪ್ಪಳವನ್ನು ಕೈಯಲ್ಲಿ ಹಿಡಿದು, ಬಿಸಿಲಿನ ಹಾಗೆ ಇದನ್ನೂ ಪಾಲು ಮಾಡಿದರೆ ಹೇಗೆ ಎಂದು ಯೋಚಿಸಿದಳು. ಆಮೇಲೆ ಚಾಕು ತೆಗೆದುಕೊಂಡು ಒಂದನ್ನು ಎರಡು ಪಾಲು ಮಾಡಿದಳು. ಇನ್ನೊಂದನ್ನು ಹತ್ತು ಪಾಲು ಮಾಡಿದಳು. ನೋಡಿದವಳೇ ಹಪ್ಪಳದ ಬುಟ್ಟಿ ಎತ್ತಿಕೊಂಡು ಅರಮನೆಗೆ ಓಡಿದಳು.

ದೊರೆ ಊಟಕ್ಕೆ ಕೂರುವ ಹೊತ್ತು. ದೇವೀರಿ ಕೈಮುಗಿದು, ಅವನ ಎಲೆಯ ಮೇಲೆ ಎರಡರಲ್ಲಿ ಒಂದು ಪಾಲು ಹಪ್ಪಳವನ್ನೂ ಹತ್ತರಲ್ಲಿ ಒಂದು ಪಾಲು ಹಪ್ಪಳವನ್ನೂ ಇಟ್ಟಳು. ದೊಡ್ಡದು ಯಾವುದು ಎಂದು ಕೇಳಿದಳು.

ದೊರೆ ಎರಡನ್ನೂ ನೋಡಿದ. ಕಿವಿಯವರೆಗೂ ಕೆಂಪಾದ.

"ಪಾಲು ಹೆಚ್ಚಿದಷ್ಟೂ ತುಂಡು ಸಣ್ಣದಾಗುತ್ತದೆ, ಮಹಾಪ್ರಭು," ಎಂದಳು ದೇವೀರಿ. "ನೂರು ಎಂದರೆ ನಮಗೆ ಸಿಗುವುದು ಒಂದು ಗಳಿಗೆಯೂ ಅಲ್ಲ."

ಎರಡರಲ್ಲಿ ಒಂದನ್ನು ಏನೆನ್ನುತ್ತೀ ಎಂದು ದೊರೆ ಕೇಳಿದ. ಅವಳು ಅಲ್ಲೇ ಯೋಚಿಸಿ, ಅರ್ಧ ಎಂದು ಹೆಸರಿಟ್ಟಳು. ನನ್ನ ನಾಲಗೆಯ ಮೇಲೆ ನನಗೇ ನಂಬಿಕೆಯಿಲ್ಲ ತಾಯಿ, ನೀನೇ ಹೋಗಿ ನನ್ನ ಪರವಾಗಿ ಎರಡು ಎಂದು ಹೇಳಿ ಅರ್ಧ ಹಗಲನ್ನಾದರೂ ಬಿಡಿಸಿಕೊಂಡು ಬಾ ಎಂದು ದೊರೆ ತನ್ನ ಮುದ್ರೆಯುಂಗುರ ಕೊಟ್ಟು ಕಳಿಸಿದ.

ಹಂಡೆಯಿದ್ದ ಬೆಟ್ಟಕ್ಕೆ ಮೂರು ಬಾಗಿಲುಗಳಿದ್ದವು. ದೊರೆ ಹೋಗುವಾಗ ಅವು ತಾವಾಗಿ ತೆರೆಯುತ್ತಿದ್ದವು. ದೇವೀರಿಗೆ ತೆರೆಯಲಿಲ್ಲ.

ಮೊದಲ ಬಾಗಿಲಲ್ಲಿ ಎರಡು ತಲೆಯ ಹುಲಿ ಕೂತಿತ್ತು. ಮಾಂತ್ರಿಕ ದಿನವೂ ಎಡದ ತಲೆಗೆ ಅರ್ಧ ರೊಟ್ಟಿ ಕೊಡುತ್ತಿದ್ದ. ಬಲದ ತಲೆಗೆ ನಾಲ್ಕು ಪಾಲು ಮಾಡಿದ ರೊಟ್ಟಿಯಲ್ಲಿ ಎರಡು ತುಂಡು. ಅದಕ್ಕೆ ಎರಡು, ನನಗೆ ಒಂದೇ ಎಂದು ಎಡದ ತಲೆ ಗುರುಗುಟ್ಟುತ್ತಿತ್ತು. ಅದರದು ದೊಡ್ಡದು, ನನ್ನದು ಚಿಕ್ಕದು ಎಂದು ಬಲದ ತಲೆ ಹಲ್ಲು ಕಡಿಯುತ್ತಿತ್ತು. ನ್ಯಾಯ ಹೇಳು, ಇಲ್ಲವಾದರೆ ನಿನ್ನನ್ನೇ ಹಂಚಿಕೊಳ್ಳುತ್ತೇವೆ ಎಂದವು. ಆ ದಿನದ ರೊಟ್ಟಿ ಇನ್ನೂ ಅವುಗಳ ಮುಂದೆಯೇ ಇತ್ತು. ದೇವೀರಿ ಬಲದ ತಲೆಯ ಎರಡು ತುಂಡನ್ನು ಜೋಡಿಸಿ ಎಡದ ತಲೆಯ ರೊಟ್ಟಿಯ ಮೇಲಿಟ್ಟಳು. ಅಂಚಿಗೆ ಅಂಚು ಕೂತಿತು.

"ನಾಲ್ಕರಲ್ಲಿ ಎರಡು ಅಂದರೂ ಅರ್ಧವೇ," ಎಂದಳು.

ಎಷ್ಟು ವರ್ಷ ಸುಮ್ಮನೆ ಜಗಳವಾಡಿದೆವಲ್ಲ ಎಂದು ಎರಡು ತಲೆಗಳೂ ನಾಚಿಕೊಂಡವು. ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ಏಳಾಳುದ್ದದ ಸರ್ಪವಿತ್ತು. ಬಾಗಿಲ ನಡುವೆ ಗುಂಡನೆಯ ಒಂದು ಕುಳಿ. ಅದರೊಳಗೆ ಕುಳಿಯ ಅರ್ಧ ತುಂಬುವ ಕಲ್ಲು ಒಂದು, ಮೂರರಲ್ಲಿ ಒಂದು ಪಾಲು ತುಂಬುವ ಕಲ್ಲು ಒಂದು ಕೂತಿದ್ದವು. ಉಳಿದ ಸಂದಿಗೆ ಸರಿಹೊಂದುವ ಕಲ್ಲನ್ನು ಆ ರಾಶಿಯಿಂದ ಆರಿಸು, ಒಂದೇ ಸಲ, ತಪ್ಪಿದರೆ ಕಚ್ಚುತ್ತೇನೆ ಎಂದಿತು ಸರ್ಪ. ರಾಶಿಯ ಒಂದೊಂದು ಕಲ್ಲಿನ ಮೇಲೂ ಅದು ಕುಳಿಯ ಎಷ್ಟರಲ್ಲಿ ಒಂದು ಪಾಲು ಎಂಬ ಸಂಖ್ಯೆ ಕೊರೆದಿತ್ತು.

ದೇವೀರಿ ಬುಟ್ಟಿಯಿಂದ ಒಂದು ಹಪ್ಪಳ ತೆಗೆದು ಆರು ಸಮಪಾಲು ಮಾಡಿದಳು. ಅರ್ಧಕ್ಕೆ ಮೂರು ತುಂಡು ಎತ್ತಿಟ್ಟಳು. ಮೂರರಲ್ಲಿ ಒಂದಕ್ಕೆ ಎರಡು ತುಂಡು ಎತ್ತಿಟ್ಟಳು. ಬುಟ್ಟಿಯ ಮುಚ್ಚಳದ ಮೇಲೆ ಉಳಿದದ್ದು ಒಂದೇ ತುಂಡು. ಆರು ಎಂದು ಕೊರೆದ ಕಲ್ಲನ್ನು ತಂದು ಸಂದಿಗಿಟ್ಟಳು. ಕಲ್ಲುಗಳ ನಡುವಿನ ಗೆರೆಗಳು ಮಾಯವಾಗಿ, ಕುಳಿಯಲ್ಲಿ ಒಂದೇ ಒಂದು ದುಂಡು ಕಲ್ಲು ಹೊಳೆಯಿತು. ಸರ್ಪ ಪಕ್ಕಕ್ಕೆ ಸರಿಯಿತು. ಅವಳು ಮಾತ್ರ ಒಳಗೆ ಹೋಗದೆ ಆ ಕಲ್ಲನ್ನೇ ನೋಡುತ್ತ ನಿಂತಳು. ಪಾಲುಗಳೆಲ್ಲ ಕೂಡಿದರೆ ಪುನಃ ಒಂದು. ಹಾಗಾದರೆ ಒಂದನ್ನು ಒಂದೇ ಪಾಲು ಮಾಡಿದರೆ? ಅವಳ ಮುಖದಲ್ಲಿ ನಗು ಮೂಡಿತು.

ಮೂರನೆಯ ಬಾಗಿಲಲ್ಲಿ ಛಿದ್ರಕೇತುವೇ ನಿಂತಿದ್ದ. ಕದ್ದ ಬಿಸಿಲು ಕುಡಿದು ಕುಡಿದು ಗುಡ್ಡದ ಹಾಗೆ ಬೆಳೆದಿದ್ದ. ಇವಳಿಗೆ ಲೆಕ್ಕ ಗೊತ್ತು ಎಂದು ತಿಳಿದು ದನಿಯಲ್ಲಿ ಜೇನು ಬೆರೆಸಿದ. ಎರಡು ಎಂದರೆ ಕೊಡುವುದು ಒಂದೇ ಪಾಲು, ಹತ್ತು ಎಂದರೆ ನಿನಗೋಸ್ಕರ ಮೂರು ಪಾಲು ಕೊಡುತ್ತೇನೆ, ಒಂದಕ್ಕಿಂತ ಮೂರು ಹೆಚ್ಚಲ್ಲವೇ ಮಗಳೇ ಎಂದ. ದೇವೀರಿ ಬೆರಳು ಮಡಚಿ ನೋಡಿದಳು. ಹತ್ತರಲ್ಲಿ ಮೂರು ಎಂದರೆ ಒಂಬತ್ತು ಗಳಿಗೆ. ಅರ್ಧಕ್ಕೂ ಕಡಿಮೆ. ಅವಳು ದೊರೆಯ ಉಂಗುರ ತೋರಿಸಿ, ಅವನನ್ನು ದಾಟಿ ಹಂಡೆಯ ಮುಂದೆ ನಿಂತಳು.

"ನನ್ನ ಸಂಖ್ಯೆ ಒಂದು," ಎಂದಳು. "ಬಿಸಿಲನ್ನು ಒಂದು ಪಾಲು ಮಾಡಿ, ಅದರಲ್ಲಿ ಒಂದು ಪಾಲು ನಮಗೆ ಕೊಡು."

ಛಿದ್ರಕೇತು ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದ. ಕೊಡದಿದ್ದರೆ ಮಂತ್ರವೆಲ್ಲ ಮಣ್ಣು. ಕೊಟ್ಟರೆ ಹಂಡೆ ಬರಿದು. ಬೇರೆ ದಾರಿಯಿಲ್ಲದೆ ಮುಚ್ಚಳ ತೆಗೆದ. ಬಿಸಿಲು ಉಕ್ಕಿ ಬೆಟ್ಟದಿಂದ ಇಳಿದು ಗದ್ದೆ, ಕೆರೆ, ಮಾಳಿಗೆಗಳ ಮೇಲೆಲ್ಲ ಹರಡಿತು. ಮಾಂತ್ರಿಕ ನಿಂತಲ್ಲೇ ಅರ್ಧವಾದ, ಅದರ ಅರ್ಧವಾದ, ಅದರದೂ ಅರ್ಧವಾದ. ಕೊನೆಗೆ ಸಾಸಿವೆಯಷ್ಟಾದಾಗ ಗಾಳಿ ಬೀಸಿ ಎತ್ತಿಕೊಂಡು ಹೋಯಿತು.

ಕೆಳಗೆ ಜನ ಬೀದಿಯಲ್ಲೇ ಕುಣಿಯುತ್ತಿದ್ದರು. ಮಕ್ಕಳು ತಮ್ಮ ನೆರಳನ್ನು ತಾವೇ ಅಟ್ಟಿಸಿಕೊಂಡು ಓಡುತ್ತಿದ್ದರು. ದೊರೆ ಎದುರುಬಂದು ಹಾರ ಹಾಕಿ, ಹೊಸದಾಗಿ ಕಲಿತ ಮಾತನ್ನು ಹೆಮ್ಮೆಯಿಂದ ಆಡಿದ: ದೇವೀರಿಗೆ ಅರ್ಧ ರಾಜ್ಯ.

"ನನಗೆ ಅರ್ಧ, ತಮಗೆ ಅರ್ಧ," ಎಂದಳು ದೇವೀರಿ. "ಜನರಿಗೆ ಎಷ್ಟು ಉಳಿಯಿತು, ಮಹಾಪ್ರಭು?"

ದೊರೆ ಬೆರಳು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಏನೂ ಉಳಿಯಲಿಲ್ಲ ಎಂದು ಮೆಲ್ಲಗೆ ಒಪ್ಪಿಕೊಂಡ. ಹಾಗಾದರೆ ರಾಜ್ಯ ಇಡಿಯಾಗಿ ಎಲ್ಲರದೂ ಇರಲಿ, ನನಗೊಂದು ಶಾಲೆ ಕಟ್ಟಿಸಿಕೊಡಿ ಎಂದಳು ಅವಳು. ಶಾಲೆ ಎದ್ದಿತು. ಮೊದಲ ದಿನ ಮುಂದಿನ ಮಣೆಯ ಮೇಲೆ, ಐದಾರು ವರ್ಷದ ಮಕ್ಕಳ ನಡುವೆ, ಕಿರೀಟ ತೆಗೆದು ಪಕ್ಕಕ್ಕಿಟ್ಟು ಬಿಜ್ಜಣರಾಯನೇ ಕೂತಿದ್ದ. ಮೂರು ವರ್ಷ ಬಿಡದೆ ಬಂದು ಕಲಿತ. ಬಿಸಿಲಕೋಟೆಯವರು ಹಂಚಿ ಉಂಡು, ಹೊಟ್ಟೆ ತುಂಬ ನಕ್ಕು, ನೂರು ಕಾಲ ಸುಖವಾಗಿ ಬಾಳಿದರು.