ಹತ್ತು ನಿಮಿಷ ಆಯ್ತು, ಮಾವ

"ಮುಟ್ಟು!"

ಕತ್ತಿನ ಹಿಂದೆ ಕಬ್ಬಿಣದ ರಾಡು. ಕೈಯಿಂದ ಗೇಣು ದೂರದಲ್ಲಿ ಕೆಪಾಸಿಟರ್. ಬೇಲಿಯಾಚೆ ಗಾಳಿಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು...

ಕೇಳಿ. ಗಾಳಿಯಂತ್ರ ಕರೆಂಟ್ ಕೊಟ್ಟರೆ ಸಾಲದು. ಲೈನಿನ ವೋಲ್ಟೇಜ್ ಕುಸಿಯದಂತೆ ರಿಯಾಕ್ಟಿವ್ ಪವರ್ ಒದಗಿಸಿ ಹೆಗಲು ಕೊಡುವುದು ಈ ಕೆಪಾಸಿಟರ್‌ಗಳು. ಸ್ವಿಚ್ ಆಫ್ ಮಾಡಿದರೂ ಉಳಿದ ಕರೆಂಟ್ ಇಳಿಯುವ ತನಕ, ಹತ್ತು ನಿಮಿಷ, ಹೊಟ್ಟೆಯೊಳಗೆ ಸಾವನ್ನು ಇಟ್ಟುಕೊಂಡಿರುತ್ತವೆ. ಕಾಯಲೇಬೇಕು!

ಹೋದ ವಾರ ಇಲ್ಲೇ ಒಬ್ಬ ಹಿರಿಯ ಮೆಕ್ಯಾನಿಕ್ ಸತ್ತಿದ್ದ. 'ಅವಸರ ಮಾಡಿದ' ಎಂದು ಷರಾ ಬರೆದು ಕಂಪನಿ ಕೈ ತೊಳೆದುಕೊಂಡಿತು. ವಿದ್ಯುತ್ ಅಪಘಾತಗಳ ತನಿಖಾಧಿಕಾರಿ ನಾನು; ಅವನ ಮಗಳು ನನ್ನ ಆಫೀಸಿಗೆ ಬಂದಳು.

"ಅಪ್ಪ ಬಿಸಿ ಕಾಫೀನೂ ಆರಿಸ್ಕೊಂಡು ಕುಡಿಯೋರು, ಸಾರ್. ಅವರು ಅವಸರ ಮಾಡ್ತಾರಾ? ಅವರ ಹೆಸರು ಉಳಿಸಿಕೊಡಿ."

ಕಂಟ್ರೋಲ್ ರೂಮಿನ ಫೋನ್ ರೆಕಾರ್ಡಿಂಗ್ ಕೇಳಿದೆ.

"ಹತ್ತು ನಿಮಿಷ ಆಯ್ತು, ಮಾವ. ಕೈ ಹಾಕಿ."

ರೆಕಾರ್ಡಿಂಗಿನ ಸಮಯ ನೋಡಿದರೆ, ಸ್ವಿಚ್ ಆಫ್ ಆಗಿ ಆಗಿದ್ದದ್ದು ಮೂರೇ ನಿಮಿಷ!

ಆ ದನಿ ಅವಳ ಗಂಡನದು. ಇಲ್ಲಿನ ಆಪರೇಟರ್. ಅವನನ್ನು ವಿಚಾರಿಸಲೆಂದೇ ಇಲ್ಲಿಗೆ ಬಂದಿದ್ದೆ; ಈಗ ರಾಡು ಹಿಡಿದವನೂ ಅವನೇ. ನಾನೂ ಅವಸರದಿಂದಲೇ ಸತ್ತೆ ಅನ್ನಿಸಲು ಅವನು ಸ್ವಿಚ್ ಆಫ್ ಮಾಡಿ ಎರಡು ನಿಮಿಷವಾಗಿತ್ತು. ನನಗೆ ಇನ್ನೂ ಎಂಟು ಬೇಕಿತ್ತು.

ಮಾತಿಗೆಳೆದೆ.

"ಮಾವನ ಮೇಲೆ ದ್ವೇಷಾನಾ?"

"ಬಾಯ್ಮುಚ್ಚು! ನನಗೆ ಕೆಲಸ ಕಲಿಸಿದ್ದೇ ಅವರು!"

"ಮತ್ತೆ?"

"ಗಾಳಿ ಜೋರಾಗಿತ್ತು... ವೋಲ್ಟೇಜ್ ಇಳೀತಿತ್ತು. ಬೇಗ ರಿಪೇರಿ ಮುಗಿಸಿ ಅಂತ ಮೇಲಿನವರು ಫೋನ್ ಮೇಲೆ ಫೋನ್... ಗಡಿಯಾರ ನೋಡಲೇ ಇಲ್ಲ ಸಾರ್. ಆಗಿರಬಹುದು ಅಂದ್ಕೊಂಡೆ..."

"ಹೆಂಡತಿಗೆ ಹೇಳಿದ್ದೀಯಾ?"

ಬಿಕ್ಕುವ ಸದ್ದು. ತುಂಬ ಹೊತ್ತು.

ಕೆಪಾಸಿಟರ್ ಕಡೆಗೆ ನಾನೇ ಕೈ ಚಾಚಿದೆ.

"ಬೇಡ ಸಾರ್!" ರಾಡು ಎಸೆದು, ನನ್ನನ್ನು ತಬ್ಬಿ ಹಿಂದಕ್ಕೆ ಎಳೆದು ಕೆಡವಿದ!

ವಾಚು ನೋಡಿದೆ. ಸ್ವಿಚ್ ಆಫ್ ಆಗಿ ಹದಿನೈದು ನಿಮಿಷ ಕಳೆದಿತ್ತು; ಕೆಪಾಸಿಟರ್ ಆಗಲೇ ಖಾಲಿಯಾಗಿತ್ತು. ಈ ಸಲವೂ ಅವನ ಅಂದಾಜು ತಪ್ಪಿತ್ತು.

ಗೇಟಿನ ಹತ್ತಿರ ಅವಳು ನಿಂತಿದ್ದಳು. ಕೈಯಲ್ಲಿ ಗಂಡನ ಊಟದ ಕ್ಯಾರಿಯರ್.

"ಅಪ್ಪ ಅವಸರ ಮಾಡಿದ್ರಾ, ಸಾರ್?"

"ಇಲ್ಲಮ್ಮ. ನಂಬಿದರು."

"ಯಾರನ್ನ?"

ನಾನು ಅವನತ್ತ ತಿರುಗಿದೆ. ಅವನೇ ಹೇಳಿದ. ಎಲ್ಲವನ್ನೂ.

ಅವಳು ಕೂಗಲಿಲ್ಲ. ಕ್ಯಾರಿಯರ್ ಅವನ ಕೈಗಿಟ್ಟಳು.

"ಊಟ ಮಾಡಿ. ಆಮೇಲೆ ಸ್ಟೇಷನ್‌ಗೆ ನಾನೇ ಕರ್ಕೊಂಡು ಹೋಗ್ತೀನಿ."

ಅವನು ಮುಚ್ಚಳ ತೆಗೆಯಲಾರದೆ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತ.

ಫೈಲಿನ ಕೊನೆಯಲ್ಲಿ 'ತನಿಖೆ ಯಶಸ್ವಿ' ಎಂದು ಬರೆದೆ. ನನ್ನ ಸರ್ವೀಸಿನಲ್ಲೇ ಅದಕ್ಕಿಂತ ದೊಡ್ಡ ಸುಳ್ಳು ಬರೆದಿಲ್ಲ!