ಆರು ಕೆಲ್ವಿನ್‌ನ ಸಣ್ಣ ಶಿಖರ

ಮೂರು ದಿನದಿಂದ ಮುರ್ಶಿದಾ ತನ್ನ ಮುಖ ನೋಡುತ್ತಿಲ್ಲವೆಂದರೆ, ಅವಳ ಮನೆಯಲ್ಲಿ ತಮ್ಮಿಬ್ಬರ ಮದುವೆಯ ಮಾತು ಮುರಿದಿದೆ ಎಂದೇ ಅನ್ಸಾಫ್ ತಿಳಿದ.

ಮೂಡಬಿದ್ರೆಯ ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ ಅವನು ಪಿಎಚ್.ಡಿ.ಗೆ ಸೇರಿ ಆರು ವರ್ಷವಾಗಿತ್ತು. ಅವಳು ಸೇರಿ ಎರಡು. ಅವನದು ಗುರುವಾಯನಕೆರೆ, ಅವಳದು ಮೆಲ್ಕಾರ್. ಅವನು ತಕ್ಕಡಿಯಲ್ಲಿ ಸೀರಿಯಂ ಲೋಹದ ಚೂರು ತೂಗುವಾಗ ಅವಳು ಉಸಿರು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಅವನು ತಲೆ ಎತ್ತಿದರೆ ಸಾಕು, ತಕ್ಕಡಿಯ ಅಂಕಿ ಓದುವವಳಂತೆ ನಟಿಸುತ್ತಿದ್ದಳು. ಅಂಕಿ ಮಾತ್ರ ಪ್ರತಿ ಸಲ ತಪ್ಪು ಓದುತ್ತಿದ್ದಳು. ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಿರಲಿಲ್ಲ.

ಅನ್ಸಾಫನ ಮನೆಯವರು ಹೆಣ್ಣು ಕೇಳಲು ಹೋದಾಗ ಅವಳ ತಂದೆ ಹಾಜಬ್ಬ ಒಂದೇ ಮಾತು ಹೇಳಿದ್ದರು: "ಹುಡುಗ ಥೀಸಿಸ್ ಕೊಡ್ಲಿ, ಮತ್ತೆ ಮಾತಾಡುವ." ಗಲ್ಫಿನ ಜುಬೈಲಿನಲ್ಲಿರುವ ಇಂಜಿನಿಯರ್ ಒಬ್ಬನ ಸಂಬಂಧವೂ ಅವರ ಕೈಯಲ್ಲಿತ್ತು. ಅನ್ಸಾಫನ ಪಿಎಚ್.ಡಿ. ನೋಂದಣಿ ಎರಡು ಸಲ ವಿಸ್ತರಣೆಯಾಗಿ, ಜೂನ್ ಮೂವತ್ತಕ್ಕೆ ಮುಗಿಯುವುದಿತ್ತು.

"ಮನೆಯಲ್ಲಿ ಏನಾಯ್ತು ಮಾರಾಯ್ತಿ? ನನ್ನತ್ರ ಹೇಳ್ಬಹುದಲ್ಲ," ಎಂದ ಅನ್ಸಾಫ್.

"ಮನೆಯಲ್ಲಿ ಏನೂ ಆಗ್ಲಿಲ್ಲ." ಮುರ್ಶಿದಾ ಬ್ಯಾಗಿನಿಂದ ಒಂದು ಗ್ರಾಫ್ ತೆಗೆದು ಅವನ ಮುಂದಿಟ್ಟಳು. "ನಿಮ್ಮ ಶಿಖರ ಇಲ್ಲ."

ಅವನ ಥೀಸಿಸ್ ನಿಂತದ್ದೇ ಆ ಶಿಖರದ ಮೇಲೆ. ಅವನು ಕರಗಿಸಿ ಮಾಡಿದ ಮಿಶ್ರಲೋಹದಲ್ಲಿ ಪ್ರತಿ ಸೀರಿಯಂ ಪರಮಾಣುವೂ ಒಂದು ಪುಟ್ಟ ಕಾಂತ. ತಣ್ಣಗಾಗುತ್ತ ಹೋದಂತೆ ಸುತ್ತಲಿನ ಎಲೆಕ್ಟ್ರಾನುಗಳು ಆ ಕಾಂತಗಳನ್ನು ಮರೆಮಾಡುತ್ತವೆ; ಅದಕ್ಕೆ ಕೊಂಡೊ ಪರಿಣಾಮ ಎನ್ನುತ್ತಾರೆ. ಪೂರ್ತಿ ಮರೆಯಾಗುವ ಮೊದಲು, ಆರು ಕೆಲ್ವಿನ್‌ನ ಕಡು ಚಳಿಯಲ್ಲಿ, ಅವೆಲ್ಲ ಸಾಲುಗಟ್ಟುತ್ತವೆ ಎಂಬುದು ಅವನ ವಾದ. ಉಷ್ಣದ ಗ್ರಾಫಿನಲ್ಲಿ ಸರಿಯಾಗಿ ಅಲ್ಲೇ ಒಂದು ಸಣ್ಣ ಶಿಖರ ಎದ್ದಿತ್ತು.

"ನನ್ನ ಸ್ಯಾಂಪಲ್ಲಿನ ಜೊತೆ ಹೋಲಿಸ್ಲಿಕ್ಕೆ ನಿಮ್ಮದೂ ಒಂದು ತುಂಡು ಹೊರಗಿನ ಲ್ಯಾಬಿಗೆ ಅಳತೆಗೆ ಕಳಿಸಿದ್ದೆ," ಎಂದಳು. "ಚೆನ್ನಾಗಿ ಉಜ್ಜಿ, ಗಾಳಿ ತಾಗದ ಹಾಗೆ ಸೀಲ್ ಮಾಡಿ ಕಳಿಸಿದ್ದು. ಅದರಲ್ಲಿ ಶಿಖರವೇ ಇಲ್ಲ. ಅದು ಮೇಲಿನ ಆಕ್ಸೈಡಿನದ್ದು. ನಮ್ಮ ಈ ತೇವದ ಗಾಳಿಯಲ್ಲಿ ಹಿಡಿದ ತುಕ್ಕು."

ಅನ್ಸಾಫ್ ಗ್ರಾಫನ್ನು ಕೈಗೆತ್ತಿಕೊಳ್ಳಲಿಲ್ಲ.

"ನನಗೆ ಗೊತ್ತಿತ್ತು," ಎಂದ. "ಫೆಬ್ರವರಿಯಲ್ಲೇ ಸಂಶಯ ಬಂದಿತ್ತು. ಎಲ್ಲ ಪರಮಾಣುಗಳೂ ಸಾಲುಗಟ್ಟಿದ್ರೆ ಆ ಶಿಖರ ಐವತ್ತು ಪಟ್ಟು ದೊಡ್ಡದಿರ್ಬೇಕಿತ್ತು. ಕೊಂಡೊ ಪರಿಣಾಮದಿಂದ ಕುಗ್ಗಿದೆ ಅಂತ ಬರೆದೆ. ಹಾಗೆ ಬರೆದ್ರೆ ಎಲ್ಲರೂ ನಂಬ್ತಾರೆ."

"ನನ್ನತ್ರ ಯಾಕೆ ಹೇಳ್ಲಿಲ್ಲ?"

"ಜೂನ್ ಮೂವತ್ತು ದಾಟಿದ್ರೆ ನಿನ್ನ ಬಾಪ ಕಾಯುವವರಲ್ಲ. ಅದಕ್ಕೆ."

ಮುರ್ಶಿದಾ ಗ್ರಾಫನ್ನು ನಾಲ್ಕಾಗಿ ಮಡಚಿದಳು. "ಇದನ್ನು ಇಲ್ಲಿ ಬೇರೆ ಯಾರೂ ನೋಡ್ಲಿಲ್ಲ. ನಾನು ಯಾರಿಗೂ ಹೇಳುವುದಿಲ್ಲ. ನೀವು ಸಬ್ಮಿಟ್ ಮಾಡಿ."

"ನನ್ನ ಮುಖ ನೋಡಿ ಹೇಳು."

ಅವಳು ತಲೆ ಎತ್ತಲು ನೋಡಿದಳು, ಆಗಲಿಲ್ಲ. ಮೂರು ದಿನ ತನ್ನ ಮುಖ ನೋಡಲಾಗದವಳು ಇಡೀ ಬದುಕು ಹೇಗೆ ನೋಡಿಯಾಳು ಎಂದು ಅನ್ಸಾಫನಿಗೆ ಆಗ ಅನಿಸಿತು. ಅವಳ ಕೈಯಿಂದ ಆ ಕಾಗದ ತೆಗೆದುಕೊಂಡು ಅವನು ನೇರ ಮಾರ್ಗದರ್ಶಕಿ ಕಾಂತಿ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದ.

ಮೇಡಂ ಬಯ್ಯಲಿಲ್ಲ. ಕನ್ನಡಕ ತೆಗೆದು ತುಂಬ ಹೊತ್ತು ಕಣ್ಣುಜ್ಜಿಕೊಂಡರು. "ಹೊಸದಾಗಿ ನೋಂದಣಿ ಮಾಡುವ ಅನ್ಸಾಫ್. ಮೂರು ವರ್ಷ ಬೇಕು."

"ಇನ್ನು ಮೂರು ವರ್ಷ ಆಗ್ಲಿಕ್ಕಿಲ್ಲ ಮೇಡಂ," ಎಂದ ಅವನು.

ಥೀಸಿಸ್ ಕೊಡದೆಯೇ ಜೂನ್ ಮೂವತ್ತು ದಾಟಿತು. ಅವನು ಊರಿನ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ಟರಾದ. ಮುರ್ಶಿದಾ ಮನೆಯಲ್ಲಿ ಅತ್ತಳು, ಊಟ ಬಿಟ್ಟಳು, ತಾಯಿ ನಫೀಸಮ್ಮನ ಕಾಲು ಹಿಡಿದಳು. "ಆರು ವರ್ಷ ಓದಿ ಒಂದು ಕಾಗದ ತರ್ಲಿಕ್ಕೆ ಆಗದವನು ನಿನ್ನನ್ನು ಹೇಗೆ ಸಾಕುವುದು ಮೋಳೆ?" ಎಂದಷ್ಟೇ ಮಗಳನ್ನು ಕೇಳಿದರು ಹಾಜಬ್ಬ. ಅವನು ಯಾಕೆ ತರಲಿಲ್ಲ ಎಂಬುದನ್ನು ಅವಳು ಎಷ್ಟು ಬಿಡಿಸಿ ಹೇಳಿದರೂ ಅವರಿಗೆ ಅರ್ಥವಾಗಲಿಲ್ಲ. ಆಗಸ್ಟಿನಲ್ಲಿ ಜುಬೈಲಿನ ಸಂಬಂಧ ಗಟ್ಟಿಯಾಯಿತು.

ಲ್ಯಾಬಿನ ಕೀ ಕೊಡಲು ಅನ್ಸಾಫ್ ಕೊನೆಯ ಬಾರಿ ಬಂದ ಮಧ್ಯಾಹ್ನ, ಇಬ್ಬರೂ ಮೂಡಬಿದ್ರೆ ಬಸ್‌ಸ್ಟ್ಯಾಂಡಿನವರೆಗೆ ಜೊತೆಯಾಗಿ ನಡೆದರು. ಅವಳಿಗೆ ಬಂಟ್ವಾಳದ ಬಸ್ಸು, ಅವನಿಗೆ ಬೆಳ್ತಂಗಡಿಯದು.

"ಆ ದಿನ ನಾನು ಗ್ರಾಫ್ ತೋರಿಸದೆ ಇದ್ದಿದ್ರೆ?" ಎಂದು ಕೇಳಿದಳು.

"ಸಬ್ಮಿಟ್ ಮಾಡ್ತಿದ್ದೆ. ಈಗ ನಮ್ಮ ನಿಕಾಹಿಗೆ ಬಟ್ಟೆ ತೆಗಿಲಿಕ್ಕೆ ಹೋಗ್ತಿದ್ವೋ ಏನೋ." ಅವನು ನಗಲು ನೋಡಿದ. "ನೀನು ತೋರಿಸಿದ್ದು ಒಳ್ಳೇದಾಯ್ತು."

"ಸರಿಯಾಯ್ತು," ಎಂದಳು ಮುರ್ಶಿದಾ. "ಒಳ್ಳೇದಾಗ್ಲಿಲ್ಲ."

ಬಂಟ್ವಾಳದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಅವಸರ ಮಾಡುತ್ತಿದ್ದ. ಅವಳು ಮೆಟ್ಟಿಲ ಮೇಲೆ ಕಾಲಿಟ್ಟು ಹಿಂದಿರುಗಿ, ಈ ಸಲ ಅವನ ಮುಖವನ್ನೇ ನೋಡುತ್ತ ಹೇಳಿದಳು: "ನನಗೆ ನಿಮ್ಮ ಮೇಲೆ ಪ್ರೀತಿ ಉಂಟು, ಅನ್ಸಾಫ್. ಇಷ್ಟು ದಿನ ಹೇಳಿರ್ಲಿಲ್ಲ. ಹೇಳದೆ ಹೋಗುವುದು ಬೇಡ ಅಂತ."

"ನನಗೂ," ಎಂದ ಅವನು.

ಅಷ್ಟರಲ್ಲಿ ಬಸ್ಸು ಹೊರಟಿತ್ತು. ಅವಳಿಗೆ ಕೇಳಿಸಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.