ಪೆಟ್ಟು ಬೀಳದ ಬಾಗಿಲು

ಚಳಿ ಹಿಂದೆ ಸರಿದು ಬಿಸಿಲು ಆಗಷ್ಟೇ ಚುರುಕಾಗುತ್ತಿದ್ದ ಕಾಲ. ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಗೋದಾಮಿನ ಮ್ಯಾನೇಜರೊಬ್ಬರು ಠಾಣೆಗೆ ಬಂದು, ಕೂರಿ ಅನ್ನುವ ಮೊದಲೇ ಕುರ್ಚಿ ಎಳೆದುಕೊಂಡು ಇನ್‌ಸ್ಪೆಕ್ಟರ್ ಎದುರು ಕುಳಿತರು.

"ನಿನ್ನೆ ಮಧ್ಯಾಹ್ನ ನೆಂಟರ ಮನೆಗೆ ಹೋಗಿದ್ವಿ ಸರ್. ಐದಕ್ಕೆ ವಾಪಸ್ ಬಂದ್ರೆ ಅಂಗಳದಲ್ಲಿ ನಿಲ್ಸಿದ್ದ ಕಾರು ನಜ್ಜುಗುಜ್ಜು."

"ಯಾರ ಮೇಲೆ ಅನುಮಾನ?"

"ಯಾರ ಮೇಲೂ ಇಲ್ಲ. ಎಫ್ಐಆರ್ ಪ್ರತಿ ಒಂದು ಕೊಟ್ರೆ ಸಾಕು. ನಾಳೆ ಇನ್ಶೂರೆನ್ಸ್ ಸರ್ವೆಯರ್ ಬರ್ತಾರೆ, ಪ್ರತಿ ಇಲ್ದಿದ್ರೆ ಕ್ಲೇಮ್ ಪಾಸಾಗಲ್ಲ. ಯಾರನ್ನೂ ಹುಡುಕೋ ತೊಂದರೆ ತಗೋಬೇಡಿ."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ಬೆಳಗಿನಿಂದ ಅವರ ಮೂಗಿನ ತುದಿಯಲ್ಲೇ ಇದ್ದ ಸಿಟ್ಟಿಗೆ ಅಷ್ಟು ಸಾಕಾಯಿತು.

"ಇದು ಠಾಣೆ ಕಣ್ರೀ, ಜೆರಾಕ್ಸ್ ಅಂಗಡಿ ಅಲ್ಲ. ಹುಡುಕಬೇಡಿ ಅನ್ನೋ ದೂರುದಾರನನ್ನ ಇವತ್ತೇ ನೋಡ್ತಿರೋದು ನಾನು. ದಫೇದಾರ್ರೇ, ಬರ್ಕೊಳ್ಳಿ. ಬರೆದು ಸ್ಥಳಕ್ಕೆ ಹೋಗಿ. ಹುಡುಕ್ಲೇಬೇಕು."

ಹತ್ತೂ ನಲವತ್ತಕ್ಕೆ ಎಫ್ಐಆರ್ ದಾಖಲಾಯಿತು. ದಫೇದಾರರಿಗೆ ನಿವೃತ್ತಿಗೆ ಎಂಟು ತಿಂಗಳು ಬಾಕಿ. ಅವರ ಬರವಣಿಗೆ ನಿಧಾನ, ನೋಟ ಇನ್ನೂ ನಿಧಾನ.

ಹನ್ನೊಂದೂವರೆಗೆ ಮ್ಯಾನೇಜರ್ ಮನೆಯ ಅಂಗಳದಲ್ಲಿ ಪಂಚನಾಮೆ ಶುರುವಾಯಿತು. ಬಾನೆಟ್, ಚಾವಣಿ, ಎರಡೂ ಮಡ್ಗಾರ್ಡು, ಮೂರು ಬಾಗಿಲು, ಎಲ್ಲೆಲ್ಲೂ ದುಂಡನೆಯ ಗುಳಿಗಳು. ಒಂದರ ಪಕ್ಕ ಒಂದು, ಒಂದೇ ಅಳತೆ. ಆದರೆ ಒಂದು ಗಾಜೂ ಬಿರುಕು ಬಿಟ್ಟಿರಲಿಲ್ಲ. ಗಾಜು ಮುಟ್ಟದೆ ಕಾರು ಒಡೆಯುವ ಪುಂಡನನ್ನು ದಫೇದಾರರು ಮೂವತ್ನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ. ಗೇಟಿನ ಬೀಗವೂ ಸರಿಯಾಗಿತ್ತು.

ಪಂಚರಲ್ಲಿ ಒಬ್ಬರು ಪಕ್ಕದ ಮನೆಯ ಅಜ್ಜಿ, ನಿವೃತ್ತ ನರ್ಸ್.

"ಸದ್ದು ಕೇಳಿಸಲಿಲ್ವಾ ಅಮ್ಮ?"

"ಕೇಳಿಸದೆ ಏನು? ಮೂರೂಕಾಲಿಂದ ಅರ್ಧ ಗಂಟೆ. ಒಡೆಯೋ ಸದ್ದಾಗಿದ್ರೆ ಎದ್ದು ಬಂದು ಬೀದಿ ಸೇರಿಸ್ತಿದ್ದೆ. ಇದು ಕೆಲಸದ ಸದ್ದು ಕಣಪ್ಪ, ಒಂದೇ ತಾಳದಲ್ಲಿತ್ತು. ರಿಪೇರಿ ಅಂದ್ಕೊಂಡು ಮಗ್ಗುಲು ಬದಲಾಯಿಸಿದೆ."

ಎಡಗಡೆಯ ಹಿಂದಿನ ಬಾಗಿಲ ಬಳಿ ದಫೇದಾರರು ನಿಂತರು. ಅದಕ್ಕೆ ಒಂದೇ ಒಂದು ಪೆಟ್ಟು ಬಿದ್ದಿರಲಿಲ್ಲ. ಅಂಗೈಯಿಂದ ಸವರಿದರು, ಬೆಣ್ಣೆಯ ಮೇಲೆ ಹೋದಂತೆ ಕೈ ಜಾರಿತು. ಅಂಚಿನ ರಬ್ಬರ್ ಪಟ್ಟಿಯ ಮೇಲೆ ಕಾರಿನದೇ ಬೂದುಬಣ್ಣದ ಸಣ್ಣ ಹನಿಯೊಂದು ಕೂತಿತ್ತು. ಉಗುರಿಟ್ಟರೆ ಇನ್ನೂ ಮೆತ್ತಗಿತ್ತು.

"ಈ ಬಾಗಿಲು ಯಾರ ಕೈಕೆಲಸ ಸಾರ್?"

"ಯಾರದೂ ಅಲ್ಲ. ಕಂಪನಿಯಿಂದ ಬಂದಿದ್ದೇ."

"ಕಂಪನಿಯವರು ರಬ್ಬರಿಗೂ ಬಣ್ಣ ಹೊಡೀತಾರಾ?"

"ಏನ್ರೀ ನಿಮ್ಮ ತನಿಖೆ!" ಮ್ಯಾನೇಜರ್ ಕೆಂಡವಾದರು. "ಒಡೆದಿರೋದು ಬಿಟ್ಟು ಒಡೀದಿರೋದನ್ನ ನೋಡ್ತಾ ಕೂತಿದೀರಲ್ಲ! ಬರೆದು ಮುಗಿಸಿ."

ಹೊಸ್ತಿಲಲ್ಲಿ ನಿಂತಿದ್ದ ಅವರ ಹೆಂಡತಿ ಬಾಯಿ ತೆರೆದರು. "ರೀ, ಹೇಳಿಬಿಡಿ, ಅದು..."

"ನೀನು ಒಳಗೆ ನಡಿ!"

ಆ ಹೆಂಗಸು ಗಂಡನನ್ನು ನುಂಗುವಂತೆ ನೋಡಿ ಒಳಗೆ ಹೋದರು. ಒಳಗೆ ಪಾತ್ರೆಯೊಂದು ಬೇಕೆಂದೇ ಬಿತ್ತು.

ಊರಿನಲ್ಲಿ ಕಾರಿನ ಬಣ್ಣ ಕಲಸಿ ಕೊಡುವ ಅಂಗಡಿ ಒಂದೇ. ಒಂದೂ ಇಪ್ಪತ್ತಕ್ಕೆ ದಫೇದಾರರು ಅಲ್ಲಿದ್ದರು.

"ಈ ಬೂದುಬಣ್ಣ ಇತ್ತೀಚೆಗೆ ಯಾರಿಗಾದ್ರೂ ಕಲಸಿದೀಯಾ?"

"ಬುಧವಾರ ಕಾಲು ಲೀಟರ್. ತಟ್ಟಣ್ಣನಿಗೆ, ಆ ಟಿಂಕರ್ ಶೆಡ್ಡಿನೋನಿಗೆ. ಜೀವ ತಿಂದುಬಿಟ್ಟ ಸಾರ್. ಹೊಂದ್ತಾ ಇಲ್ಲ ಅಂತ ಮೂರು ಸಲ ವಾಪಸ್ ತಂದ. 'ಯಾವ ಮಂತ್ರಿ ಕಾರಯ್ಯ ಅದು' ಅಂದೆ. ಮಂತ್ರಿದಲ್ಲ, ನನ್ನ ಷಡ್ಡಕಂದು ಅಂದ."

ಅಂದರೆ ದೂರುದಾರನ ಹೆಂಡತಿಯೂ ಟಿಂಕರನ ಹೆಂಡತಿಯೂ ಅಕ್ಕತಂಗಿಯರು. ಫೋನಿನಲ್ಲಿ ವಿಷಯ ಕೇಳಿದ ಇನ್‌ಸ್ಪೆಕ್ಟರ್ ಕೂಗಿದ ಕೂಗಿಗೆ ದಫೇದಾರರು ಅದನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಎದುರು ಕೂತಾಗ ಷಡ್ಡಕ ಅಂತ ತುಟಿ ಬಿಚ್ಚಲಿಲ್ವಲ್ರೀ ಆ ಮನುಷ್ಯ! ಮೊದಲು ಆ ತಟ್ಟಣ್ಣನ್ನ ಎಳ್ಕೊಂಡು ಬನ್ನಿ!"

ಮೂರೂ ಹತ್ತಕ್ಕೆ ಶೆಡ್. ತಟ್ಟಣ್ಣ ಓಡಲಿಲ್ಲ. ಕೈ ಒರೆಸಿಕೊಂಡು ಎದ್ದು ನಿಂತ.

"ನಿನ್ನೆ ಮೂರೂಕಾಲಿಗೆ ಎಲ್ಲಿದ್ದೆ?"

"ಅಲ್ಲೇ ಇದ್ದೆ."

"ಗೇಟು?"

"ಕೀಲಿ ಎಲ್ಲಿರುತ್ತೆ ಅಂತ ಅವರೇ ಹೇಳಿದ್ರು."

"ಅವರೇ?"

ತಟ್ಟಣ್ಣನ ಕುತ್ತಿಗೆಯ ನರ ಉಬ್ಬಿತು. "ಹೂಂ ಸಾರ್, ನಮ್ಮ ಭಾವನೇ. ಹೋದ ವಾರ ಕಂಬಕ್ಕೆ ಬಾಗಿಲು ಉಜ್ಜಿಕೊಂಡು ಬಂದ್ರು. ಕ್ಲೇಮ್ ಹಾಕಿದ್ರೆ ಮುಂದಿನ ವರ್ಷದ ಕಂತಲ್ಲಿ ರಿಯಾಯಿತಿ ಹೋಗುತ್ತೆ, ನೀನೇ ಮಾಡ್ಕೊಡು ಅಂದ್ರು. ಬಣ್ಣದ ಖರ್ಚಷ್ಟೇ ತಗೊಂಡೆ. ಆರು ದಿನ ಸಾರ್! ಪುಟ್ಟಿ ಮೆತ್ತಿ ಮುಚ್ಚಬಹುದಿತ್ತು, ಮೆತ್ತಲಿಲ್ಲ. ಒಳಗಿಂದ ತಟ್ಟಿ ತಟ್ಟಿ ತಗಡನ್ನೇ ಎಬ್ಬಿಸಿದೆ. ಶನಿವಾರ ಒಪ್ಪಿಸಿದೆ."

"ಆಮೇಲೆ?"

"ಭಾನುವಾರ ಬೆಳಿಗ್ಗೆ ಫೋನು. ಆಫೀಸಲ್ಲಿ ಯಾರೋ ತಲೆ ತುಂಬಿದಾರೆ. ಕ್ಲೇಮ್ ಹಾಕಿದ್ರೆ ಹೊಸ ಬಾಗಿಲೇ ಬರುತ್ತೆ, ಹಳೇ ಗೀರುಗಳೂ ಅದೇ ಬಿಲ್ಲಲ್ಲಿ ಮುಚ್ಚಿಹೋಗ್ತವೆ ಅಂತ. ಸರ್ವೆಯರ್ ಬರ್ತಾನೆ, ಮಧ್ಯಾಹ್ನ ನಾವಿರಲ್ಲ, ಬಂದು ಆ ಬಾಗಿಲನ್ನ ಮೊದಲಿದ್ದ ಹಾಗೇ ಗುಳಿ ಮಾಡಿ ಹೋಗು ಅಂದ್ರು. ನನ್ನ ಕೈಲಾಗಲ್ಲ ಭಾವ ಅಂದೆ. ನಕ್ರು. 'ತಗಡು ಬಡಿಯೋದೇ ತಾನೆ ನಿನ್ನ ಕಸುಬು, ಇನ್ನೆರಡು ಬಡಿ' ಅಂದ್ರು."

ದಫೇದಾರರು ಹಾಳೆ ಮಗುಚಿದರು.

"ಹೋದೆ. ಅದರ ಮುಂದೆ ಕೂತು ಸುತ್ತಿಗೆ ಎತ್ತಿದೆ. ಕೈ ಬರಲಿಲ್ಲ. ಪಕ್ಕದ ಬಾಗಿಲಿಗೆ ಬಿಟ್ಟೆ. ಆಮೇಲೆ ನಿಲ್ಸೋಕಾಗಲಿಲ್ಲ."

"ಗಾಜು ಬಿಟ್ಟೆಯಲ್ಲ?"

"ಗಾಜು ನನ್ನ ಕೆಲಸ ಅಲ್ಲ ಸಾರ್."

ಸುತ್ತಿಗೆ ಜಪ್ತಿಯಾಯಿತು. ನಾಲ್ಕೂ ನಲವತ್ತಕ್ಕೆ ಬಂಧನ. ಜೀಪು ಅರ್ಧ ದಾರಿ ಬಂದಾಗ ತಟ್ಟಣ್ಣ ಕೇಳಿದ, "ಪಂಚನಾಮೆಯಲ್ಲಿ ಆ ಬಾಗಿಲು ಏನಂತ ಬರೆದಿದೀರಿ?"

"ಹಾನಿ ಇಲ್ಲ ಅಂತ."

"ಅಷ್ಟೇನಾ?"

"ತಗಡಿನ ಮೇಲೆ ರಿಪೇರಿಯ ಗುರುತು ಬರಿಗಣ್ಣಿಗೆ ಕಾಣುವುದಿಲ್ಲ ಅಂತಲೂ ಬರೀಬೇಕು. ಠಾಣೆಗೆ ಹೋಗಿ ನಿನ್ನ ಹೇಳಿಕೆ ಜೊತೆ ವರದಿಗೆ ಸೇರಿಸ್ತೀನಿ."

ತಟ್ಟಣ್ಣ ಮುಖ ಆಚೆ ತಿರುಗಿಸಿದ.

ಠಾಣೆಯಲ್ಲಿ ಮ್ಯಾನೇಜರ್ ಕಾದಿದ್ದರು. ತಟ್ಟಣ್ಣನ ಕೈಯ ಕೋಳ ಕಂಡಿದ್ದೇ ಎದ್ದು ನಿಂತರು. "ಇದು ಮನೆ ವಿಷಯ ಸರ್, ದೂರು ವಾಪಸ್ ತಗೋತೀನಿ."

"ಪ್ರತಿ ಬೇಕು ಅಂದ್ರಲ್ಲ, ತಗೊಳ್ಳಿ!" ಇನ್‌ಸ್ಪೆಕ್ಟರ್ ಕಾಗದವನ್ನು ಮೇಜಿಗೆ ಅಪ್ಪಳಿಸಿದರು. "ನಾಳೆ ಸರ್ವೆಯರ್ ಬಂದಾಗ ನನ್ನ ದಫೇದಾರರೂ ಅಲ್ಲಿರ್ತಾರೆ. ನೀವು ಭಾನುವಾರ ಮಾಡಿದ ಫೋನಿನ ಕತೆ ಅವರೇ ಹೇಳ್ತಾರೆ. ಒಡೆದೋನಿಗೆ ನಾಚಿಕೆ ಇದೆ, ಒಪ್ಕೊಂಡ. ನಿಮಗೇನ್ರೀ ಇದೆ?"

"ನೆಂಟ ಅಂತ ಕೆಲಸ ಕೊಟ್ರೆ..." ಎಂದು ಮ್ಯಾನೇಜರ್ ತಟ್ಟಣ್ಣನ ಕಡೆ ತಿರುಗಿದರು.

"ಇನ್ನೊಂದು ಮಾತಾಡಿದ್ರೆ ಒಳಗೆ ಅವನ ಪಕ್ಕದಲ್ಲೇ ಚಾಪೆ ಹಾಕಿಸ್ತೀನಿ."

ಮಂಗಳವಾರ ಸರ್ವೆಯರ್ ಬಂದು, ಕಾರಿನ ಸುತ್ತ ಒಂದು ಸುತ್ತು ಹಾಕಿ, ದಫೇದಾರರ ಮಾತು ಪೂರ್ತಿ ಕೇಳಿ, ಕ್ಲೇಮಿನ ಫಾರಂ ಚೀಲದೊಳಗೇ ಇಟ್ಟುಕೊಂಡು ಹೋದ.

ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ ತಟ್ಟಣ್ಣನಿಗೆ ನ್ಯಾಯಾಲಯದಲ್ಲಿ ಜಾಮೀನು ಸಿಕ್ಕಿತು. ಜಾಮೀನಿಗೆ ನಿಂತವರು ದೂರುದಾರನ ಹೆಂಡತಿ. ಸಹಿ ಹಾಕುವಾಗ ಅವರು ಕಾಗದ ಹರಿಯುವಂತೆ ಪೆನ್ನು ಒತ್ತಿದರು. ತಂಗಿಯನ್ನೂ ತಂಗಿಯ ಗಂಡನನ್ನೂ ಆಟೋ ಹತ್ತಿಸಿ, ಬಟ್ಟೆ ತುಂಬಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತಾವೂ ಹತ್ತಿದರು. ಅವರು ಗಂಡನ ಮನೆ ಬಿಟ್ಟು ತಂಗಿಯ ಮನೆಗೆ ಹೊರಟಿದ್ದರು.